ಬೆಲ್ಲದ ಕಾಫಿಗೂ ಲೆಕ್ಕ ಇದೆ

ಮಳೆ ಹಿಡಿದ ಮೇಲೆ ಶುಗರ್ ಬಗ್ಗೆಯೇ ಜಾಸ್ತಿ ಪತ್ರ ಬಂದಿವೆ. ಅದರಲ್ಲಿ ಮೂರನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರು ಹಾಕುತ್ತಿಲ್ಲ.

ಪ್ರಶ್ನೆ: ಡಾಕ್ಟ್ರೇ, ನನಗೆ 52 ವರ್ಷ. ನಾಪೋಕ್ಲು ಹತ್ತಿರ ಕಾಫಿ ತೋಟ, ಸ್ವಲ್ಪ ಗದ್ದೆ ಇದೆ. ಎರಡು ವರ್ಷದ ಹಿಂದೆ ಶುಗರ್ ಇದೆ ಅಂದರು. ಅವತ್ತೇ ಸಕ್ಕರೆ ಬಿಟ್ಟೆ, ಈಗ ಬೆಲ್ಲದ ಕಾಫಿ ಮಾತ್ರ. ಮಾತ್ರೆ ತಪ್ಪಿಸಿಲ್ಲ. ಆದರೂ ಮೂರು ತಿಂಗಳ ಸರಾಸರಿ ಶುಗರ್ (HbA1c) 8.4 ಬಂದಿದೆ. ದಿನಾ ತೋಟದಲ್ಲಿ ಓಡಾಡುತ್ತೇನೆ, ಅದರ ಮೇಲೆ ವಾಕಿಂಗ್ ಬೇರೆ ಬೇಕಾ? ಸಾಯೋವರೆಗೂ ಮಾತ್ರೆ ತಿನ್ನಬೇಕಾ?

ಉತ್ತರ: ಮೊದಲು ಬೆಲ್ಲದ ವಿಷಯ ಮುಗಿಸಿಬಿಡೋಣ. ಬೆಲ್ಲವೂ ಸಕ್ಕರೆಯೇ. ಬಣ್ಣ ಬೇರೆ, ರುಚಿ ಬೇರೆ, ರಕ್ತಕ್ಕೆ ಹೋದ ಮೇಲೆ ಎರಡೂ ಒಂದೇ. ಜೇನುತುಪ್ಪದ ಕಥೆಯೂ ಅಷ್ಟೇ. ದಿನಕ್ಕೆ ಐದು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಬೆಲ್ಲ ಅಂದುಕೊಳ್ಳಿ, ಹತ್ತು ಚಮಚ ಆಯ್ತಲ್ವಾ? ಕಾಫಿ ಬಿಡಿ ಅಂತ ಕೊಡಗಿನವರಿಗೆ ನಾನು ಹೇಳುವುದಿಲ್ಲ. ಲೋಟಕ್ಕೆ ಹಾಕುವ ಬೆಲ್ಲವನ್ನು ವಾರವಾರವೂ ಅರ್ಧ ಚಮಚದಂತೆ ಇಳಿಸಿ. ತಿಂಗಳು ಕಳೆಯುವಷ್ಟರಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಆದರೆ 8.4ಕ್ಕೆ ಬೆಲ್ಲ ಒಂದೇ ಕಾರಣ ಆಗಿರುವುದಿಲ್ಲ. ನಮ್ಮ ಊಟವನ್ನೇ ನೋಡಿ. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಕಡಂಬುಟ್ಟು ಇಲ್ಲಾ ನೂಲ್‌ಪುಟ್ಟು. ಹೆಸರು ಎಷ್ಟೇ ಇರಲಿ, ಮೂರು ಹೊತ್ತೂ ಅಕ್ಕಿಯೇ. ರೊಟ್ಟಿಯ ಹಿಟ್ಟಿಗಂತೂ ಅನ್ನವನ್ನೂ ಸೇರಿಸಿ ನಾದುತ್ತೇವೆ. ನಮ್ಮ ಅಜ್ಜಂದಿರೂ ಇದನ್ನೇ ತಿಂದರು ಅಂತ ನೀವು ಹೇಳಬಹುದು, ನಿಜ, ಅವರು ಗದ್ದೆ ಉಳುಮೆಗೆ ಇಳಿಯುತ್ತಿದ್ದರು, ಸಂತೆಗೆ ನಡೆದೇ ಹೋಗುತ್ತಿದ್ದರು, ನಾವು ಗೇಟಿನವರೆಗೂ ಜೀಪಲ್ಲಿ ಹೋಗುತ್ತೇವೆ.

ತಟ್ಟೆಯಲ್ಲಿ ಅರ್ಧ ಭಾಗ ಪಲ್ಯ, ಸೊಪ್ಪು, ತರಕಾರಿ ಇರಲಿ. ಮಳೆಗಾಲದಲ್ಲಿ ಕಣಿಲೆ, ಅಣಬೆ, ಕೆಸುವಿನ ಸೊಪ್ಪು ಎಲ್ಲಾ ಸಿಗುತ್ತವೆ, ಇದಕ್ಕಿಂತ ಒಳ್ಳೆ ಕಾಲ ಬೇಕಾ? ಕಾಲು ಭಾಗ ಮೊಟ್ಟೆ, ಮೀನು, ಕೋಳಿ, ಕಾಳು. ಉಳಿದ ಕಾಲು ಭಾಗ ಮಾತ್ರ ಅಕ್ಕಿಯದ್ದು. ಪಂದಿ ಕರಿ ತಿನ್ನಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಮಾಂಸದಿಂದ ನೇರವಾಗಿ ಶುಗರ್ ಅಷ್ಟು ಏರುವುದಿಲ್ಲ, ಅದರ ಜೊತೆ ಇಳಿಯುವ ಐದಾರು ಕಡಂಬುಟ್ಟಿನಿಂದ ಏರುತ್ತದೆ. ಆದರೆ ಶುಗರ್ ಇರುವವರಿಗೆ ಹೃದಯದ ತೊಂದರೆ ಬರುವ ಸಾಧ್ಯತೆ ಜಾಸ್ತಿ, ಅದಕ್ಕೇ ಕೊಬ್ಬಿನ ತುಂಡು ಬದಿಗಿಡಿ, ದಿನನಿತ್ಯದ ಊಟ ಮಾಡಿಕೊಳ್ಳಬೇಡಿ.

ನನ್ನ ಮಾತು ನಂಬಬೇಕಾಗಿಲ್ಲ, ನೀವೇ ಅಳೆದು ನೋಡಿ. ಒಂದು ದಿನ ಎಂದಿನಂತೆ ಮೂರು ರೊಟ್ಟಿ ತಿಂದು, ತಿನ್ನಲು ಶುರು ಮಾಡಿದ ಎರಡು ಗಂಟೆಗೆ ಗ್ಲುಕೋಮೀಟರಲ್ಲಿ ಶುಗರ್ ನೋಡಿ ಬರೆದಿಡಿ. ಮಾರನೇ ದಿನ ಒಂದೇ ರೊಟ್ಟಿ, ಜೊತೆಗೆ ತಟ್ಟೆ ತುಂಬ ಪಲ್ಯ, ಎರಡು ಮೊಟ್ಟೆ. ಮತ್ತೆ ನೋಡಿ. ಎರಡು ಗಂಟೆಗೆ 180ರ ಒಳಗೆ ಇರಬೇಕು. ಎರಡು ಸಂಖ್ಯೆಯನ್ನೂ ಅಡುಗೆಮನೆ ಕ್ಯಾಲೆಂಡರಲ್ಲಿ ಬರೆಯಿರಿ, ಮನೆಯವರೂ ನೋಡಲಿ.

ಇನ್ನು ನಡಿಗೆ. ತೋಟದ ಓಡಾಟ ಒಳ್ಳೆಯದೇ, ಆದರೆ ನಾಲ್ಕು ಹೆಜ್ಜೆ ಹಾಕಿ ನಿಂತು ಕೆಲಸದವರ ಹತ್ತಿರ ಮಾತಾಡಿ ಮತ್ತೆ ನಾಲ್ಕು ಹೆಜ್ಜೆ ಹಾಕಿದರೆ ಸಾಲದು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಾಗಿ ವಾರಕ್ಕೆ 150 ನಿಮಿಷ ನಡೆಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹೊರಗೆ ಕಾಲಿಡಲು ಆಗಲ್ಲ, ಗೊತ್ತು. ಆಗ ಪ್ರತಿ ಊಟ ಆದ ಮೇಲೆ ಜಗಲಿಯ ಈ ತುದಿಯಿಂದ ಆ ತುದಿಗೆ ಹದಿನೈದು ನಿಮಿಷ ನಡೆಯಿರಿ. ಊಟದಿಂದ ಬಂದ ಸಕ್ಕರೆಯನ್ನು ಕೆಲಸ ಮಾಡುತ್ತಿರುವ ಕಾಲಿನ ಸ್ನಾಯು ಎಳೆದುಕೊಳ್ಳುತ್ತದೆ. ಉಂಡ ತಕ್ಷಣ ಕಂಬಳಿ ಹೊದ್ದು ಮಲಗಿದರೆ ಅದು ರಕ್ತದಲ್ಲೇ ಉಳಿಯುತ್ತದೆ.

ಮಾತ್ರೆ ವಿಷಯಕ್ಕೆ ಬರೋಣ. ಸುಮ್ನೆ ನೀವಾಗಿಯೇ ನಿಲ್ಲಿಸಬೇಡಿ. ಹಾಗಂತ ಸಾಯೋವರೆಗೂ ಬೇಕೇ ಬೇಕು ಅಂತಲೂ ಇಲ್ಲ. ಬ್ರಿಟನ್ನಿನಲ್ಲಿ ಡೈರೆಕ್ಟ್ ಅನ್ನುವ ಅಧ್ಯಯನ ನಡೆಯಿತು, 2017ರಲ್ಲಿ ಪ್ರಕಟವಾಯಿತು. ಶುಗರ್ ಬಂದು ಆರು ವರ್ಷದೊಳಗಿನ, ತೂಕ ಜಾಸ್ತಿ ಇದ್ದವರಿಗೆ ವೈದ್ಯಕೀಯ ನಿಗಾದಲ್ಲಿ ಕಟ್ಟುನಿಟ್ಟಾಗಿ ಊಟ ಇಳಿಸಿ ತೂಕ ಕರಗಿಸಿದರು. ಒಂದು ವರ್ಷದ ಕೊನೆಗೆ ಅವರಲ್ಲಿ ಶೇ 46 ಮಂದಿಗೆ ಮಾತ್ರೆ ಇಲ್ಲದೆಯೇ ಮೂರು ತಿಂಗಳ ಶುಗರ್ 6.5ರ ಕೆಳಗೆ ಬಂತು. ಎರಡನೇ ವರ್ಷಕ್ಕೆ ಅದು ಶೇ 36ಕ್ಕೆ ಇಳಿಯಿತು, ತೂಕ ವಾಪಸ್ ಬಂದ ಹಾಗೆ ಶುಗರ್ರೂ ವಾಪಸ್. ನಿಮಗೆ ಎರಡೇ ವರ್ಷ ಆಗಿದೆ, ಇದು ಒಳ್ಳೆಯ ಸಮಯ. ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದ್ದರೆ ಅಲ್ಲಿಂದ ಶುರು ಮಾಡಿ. ಈಗ 8.4 ಇರುವುದರಿಂದ ನಿಮ್ಮ ಡಾಕ್ಟರನ್ನು ಈ ವಾರವೇ ನೋಡಿ, ಮಾತ್ರೆ ಬದಲಿಸಬೇಕಾಗಬಹುದು.

ಪ್ರಶ್ನೆ: ಕಕ್ಕಡ ತಿಂಗಳ 18ನೇ ದಿನ ಮದ್ದು ಸೊಪ್ಪಿನ ಪಾಯಸ ಮಾಡುತ್ತೇವೆ. ಅದರಲ್ಲಿ ಹದಿನೆಂಟು ಔಷಧಿ ಇದೆ, ಶುಗರ್ ಇದ್ದವರಿಗೆ ಒಳ್ಳೆಯದು ಅಂತ ಅತ್ತೆ ಎರಡೆರಡು ಬಟ್ಟಲು ತಿನ್ನುತ್ತಾರೆ. ಸರಿನಾ? (ವಿರಾಜಪೇಟೆ)

ಉತ್ತರ: ಸೊಪ್ಪು ಏನೇ ಇರಲಿ, ಆ ಬಟ್ಟಲಲ್ಲಿ ಅಕ್ಕಿ ಇದೆ, ಬೆಲ್ಲ ಇದೆ, ಮೇಲೆ ಜೇನುತುಪ್ಪ ಬೇರೆ. ಹಬ್ಬದ ದಿನ ನಾಲ್ಕು ಚಮಚ ತಿನ್ನಲಿ, ಸಂತೋಷವಾಗಿ ತಿನ್ನಲಿ, ಆ ಹೊತ್ತಿಗೆ ಅನ್ನ ಬಿಡಲಿ. ಅದನ್ನು ಮಾತ್ರೆಯ ಬದಲಿಗೆ ಅಂದುಕೊಳ್ಳಬಾರದು. ಮರುದಿನ ಮೂತ್ರ ಕೆಂಪಗಾದರೆ ಸೊಪ್ಪಿನ ಬಣ್ಣ, ಗಾಬರಿ ಬೇಡ. ಎರಡು ದಿನ ಆದರೂ ಹೋಗದಿದ್ದರೆ ತೋರಿಸಿ.

ಪ್ರಶ್ನೆ: ಅಮ್ಮ ಸಿದ್ದಾಪುರ ಹತ್ತಿರದ ಎಸ್ಟೇಟಲ್ಲಿ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಶುಗರ್ ಮಾತ್ರೆ ನುಂಗಿ ಬರೀ ಟೀ ಕುಡಿದು ಹೋಗುತ್ತಾರೆ. ಹತ್ತು ಗಂಟೆ ಹೊತ್ತಿಗೆ ಕೈ ನಡುಗಿ ಬೆವರುತ್ತದಂತೆ. ಪಾದವೂ ಜೋಮು ಅನ್ನುತ್ತಾರೆ.

ಉತ್ತರ: ಇದನ್ನು ತಡ ಮಾಡಬೇಡಮ್ಮ. ಅದು ಶುಗರ್ ಇಳಿಯುವ ಲಕ್ಷಣ. ಗ್ಲಿಮಿಪಿರೈಡ್ ಥರದ ಮಾತ್ರೆ ನುಂಗಿ ತಿಂಡಿ ತಿನ್ನದೆ ಮೈ ಬಗ್ಗಿಸಿ ದುಡಿದರೆ ಹೀಗಾಗುತ್ತದೆ. ಮಾತ್ರೆ ಚೀಟಿ ತೆಗೆದುಕೊಂಡು ಡಾಕ್ಟರ್ ಹತ್ತಿರ ಹೋಗಿ ಹೊತ್ತು, ಪ್ರಮಾಣ ಎರಡನ್ನೂ ಕೇಳಿ. ತಿಂಡಿ ತಿನ್ನದೆ ಮನೆ ಬಿಡಬಾರದು. ಸೆರಗಿನ ತುದಿಗೆ ಸಕ್ಕರೆ ಪೊಟ್ಟಣ ಕಟ್ಟಿಕೊಳ್ಳಲಿ. ನಡುಕ ಬಂದ ಕೂಡಲೇ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು ಕೂರಬೇಕು, ಹದಿನೈದು ನಿಮಿಷದಲ್ಲಿ ಸರಿಯಾಗದಿದ್ದರೆ ಮತ್ತೊಮ್ಮೆ, ಆಮೇಲೆ ಏನಾದರೂ ತಿನ್ನಬೇಕು. ಜೊತೆಯವರಿಗೂ ಇದು ಗೊತ್ತಿರಲಿ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬಾರದು, ನೇರ ಆಸ್ಪತ್ರೆಗೆ.

ಪಾದದ ಜೋಮು ನನಗೆ ಅಷ್ಟೇ ಚಿಂತೆ ತಂದಿದೆ. ನಮ್ಮ ತಂದೆಯವರಿಗೂ ಹೀಗೇ ಇತ್ತು. ಒಂದು ದಿನ ಗಂಬೂಟಿನೊಳಗೆ ಒಣಗಿದ ಕಾಫಿ ಬೀಜ ಒಂದು ಬಿದ್ದಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಅದರ ಮೇಲೇ ತುಳಿದು ನಡೆದಿದ್ದಾರೆ, ಗೊತ್ತೇ ಆಗಿಲ್ಲ. ಸಂಜೆ ಕಾಲುಚೀಲ ಕಳಚಿದಾಗ ಹೆಬ್ಬೆರಳಿನ ಬುಡದಲ್ಲಿ ಬೀಜದಷ್ಟೇ ಗುಂಡಗೆ ಗಾಯ. ಅದು ಮಾಯಲು ನಾಲ್ಕು ತಿಂಗಳು ಹಿಡಿಯಿತು.

ಅಮ್ಮ ಬರಿಗಾಲಲ್ಲಿ ನಡೆಯಬಾರದು, ಮನೆಯೊಳಗೂ. ಚಳಿ ಅಂತ ಒಲೆ ಮುಂದೆ ಕಾಲು ಕಾಯಿಸಬಾರದು, ಸುಟ್ಟರೂ ತಿಳಿಯುವುದಿಲ್ಲ. ರಾತ್ರಿ ಕಾಲು ತೊಳೆದು ಬೆರಳ ಸಂದಿ ಒರೆಸಿದ ಮೇಲೆ ನೀನೇ ಅವರ ಪಾದ ತೊಡೆ ಮೇಲಿಟ್ಟುಕೊಂಡು ಬೆಳಕಲ್ಲಿ ನೋಡು, ಜಿಗಣೆ ಕಚ್ಚಿದ ಜಾಗ ಕೆರೆದು ಹುಣ್ಣಾಗಿದೆಯಾ ಅಂತಲೂ ನೋಡು. ಬೆಳಿಗ್ಗೆ ಅವರು ಹೊರಡುವ ಮೊದಲು ಬೂಟನ್ನು ತಲೆಕೆಳಗು ಮಾಡಿ ಕೊಡವಿ, ಒಳಗೆ ಕೈ ಹಾಕಿ ಸವರಿ ನೋಡಿಯೇ ಕೊಡು.