ಡೊಮೇನ್ ಯಾರ ಹತ್ತಿರ ಕೊಳ್ಳುವುದು? ಬಿಟ್ಟು ಹೋಗೋಕೆ ಬಿಡುವವರ ಹತ್ತಿರ

ನಿಮ್ಮದು ಎರಡು ಪ್ರಶ್ನೆ. ಸ್ವಂತ ಸೈಟ್‌ಗೆ ಡಾಟ್ ಕಾಮ್ ಹೆಸರು ಬೇಕು, ಇಷ್ಟೊಂದು ರಿಜಿಸ್ಟ್ರಾರ್‌ಗಳಲ್ಲಿ (ಸೈಟ್‌ನ ಹೆಸರು, ಅಂದರೆ ಡೊಮೇನ್, ನೋಂದಾಯಿಸಿ ಕೊಡುವ ಕಂಪನಿಗಳಲ್ಲಿ) ಯಾರನ್ನು ನಂಬಬೇಕು? ಹೋಸ್ಟಿಂಗ್ (ಸೈಟ್ ಇಡುವ ಸರ್ವರ್ ಜಾಗ) ಜೊತೆ ಫ್ರೀ ಸಿಗುವ ಡೊಮೇನ್ ತಗೊಂಡರೆ ಆಗುತ್ತದಾ? ಬೇರೆಯವರಿಗೆ ಸೈಟ್ ಮಾಡಿಕೊಡುವುದು ನನ್ನ ಕೆಲಸ. ಹಾಗಾಗಿ ಹತ್ತಾರು ಕಂಪನಿಗಳ ಅಕೌಂಟ್‌ಗಳನ್ನು ಒಳಗಿನಿಂದ ನೋಡುತ್ತಿರುತ್ತೇನೆ. ನಾನು ಮೊದಲು ನೋಡುವುದು ಒಂದೇ: ನಾಳೆ ಇವರು ಬೇಡ ಅನ್ನಿಸಿದರೆ ತಕರಾರಿಲ್ಲದೆ ಬಿಟ್ಟುಕೊಡುತ್ತಾರಾ?

ಮೊದಲ ವರ್ಷದ ಆಫರ್ ನೋಡಿ ಮರುಳಾಗಬೇಡಿ. ಡಾಟ್ ಕಾಮ್ ಹೆಸರುಗಳ ಮೂಲ ಪಟ್ಟಿ ಇರುವುದು ವೆರಿಸೈನ್ ಕಂಪನಿಯ ಹತ್ತಿರ. ರಿಜಿಸ್ಟ್ರಾರ್‌ಗಳೆಲ್ಲ ಅಲ್ಲಿಂದ ತಂದು ನಮಗೆ ಮಾರುವವರು. ಒಂದು ಹೆಸರಿಗೆ ವರ್ಷಕ್ಕೆ ಇಷ್ಟು ಅಂತ ವೆರಿಸೈನ್‌ಗೆ ಅವರು ಕಟ್ಟಬೇಕು. ಅದಕ್ಕಿಂತ ಎಷ್ಟೋ ಕಡಿಮೆಗೆ ಕೊಡುತ್ತಿದ್ದಾರೆ ಅಂದರೆ ಆ ದುಡ್ಡು ಮುಂದೆ ರಿನೀವಲ್‌ನಲ್ಲೋ, ಇಮೇಲ್, ಪ್ರೈವಸಿ (ನಿಮ್ಮ ವಿವರ ಎಲ್ಲರಿಗೂ ಕಾಣದಂತೆ ಮುಚ್ಚಿಡುವುದು) ಅಂತ ಸೇರಿಸುವ ಬಾಬ್ತುಗಳಲ್ಲೋ ವಾಪಸ್ ಬರಲೇಬೇಕಲ್ವಾ? ಆದ್ದರಿಂದ ರಿನೀವಲ್ ದರವನ್ನೇ ನಿಜವಾದ ಬೆಲೆ ಅಂತ ತಿಳಿಯಿರಿ. ಅದು ಹುಡುಕಿದರೂ ಸಿಗದಂತೆ ಇದ್ದರೆ ನಾನು ಅಲ್ಲೇ ಟ್ಯಾಬ್ ಮುಚ್ಚುತ್ತೇನೆ.

ಆಮೇಲೆ ಮಾನ್ಯತೆ. ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಸೈಟ್‌ನಲ್ಲಿ ಮಾನ್ಯತೆ ಪಡೆದ ರಿಜಿಸ್ಟ್ರಾರ್‌ಗಳ ಪಟ್ಟಿ ಇದೆ. ನೀವು ನೋಡುತ್ತಿರುವ ಕಂಪನಿ ಅದರಲ್ಲಿ ಇಲ್ಲದಿದ್ದರೆ ಅದು ಬಹುಶಃ ರೀಸೆಲ್ಲರ್, ಅಂದರೆ ಬೇರೊಬ್ಬ ರಿಜಿಸ್ಟ್ರಾರ್ ಮೂಲಕ ಹೆಸರು ಮಾರುವವರು. ರೀಸೆಲ್ಲರ್ ಅಂದ ಮಾತ್ರಕ್ಕೆ ಮೋಸ ಅಂತಲ್ಲ. ಆದರೆ ಹಿಂದೆ ಇರುವ ರಿಜಿಸ್ಟ್ರಾರ್ ಯಾರು ಅಂತ ಗೊತ್ತಿರಬೇಕು. ಮಾನ್ಯತೆ ಇದ್ದವರೆಲ್ಲ ಒಳ್ಳೆಯವರು ಅಂತಲೂ ಅಲ್ಲ. ರಿಜಿಸ್ಟರ್‌ಫ್ಲೈ ಕಂಪನಿ ಮುಳುಗಿ 2007ರಲ್ಲಿ ಐಕ್ಯಾನ್ ಅದರ ಮಾನ್ಯತೆ ಕಿತ್ತುಕೊಂಡಾಗ, ಲಕ್ಷಾಂತರ ಹೆಸರುಗಳು ಅತಂತ್ರವಾಗಿದ್ದವು. ಈಗ ರಿಜಿಸ್ಟ್ರಾರ್‌ಗಳು ಗ್ರಾಹಕರ ದಾಖಲೆಯ ಪ್ರತಿಯನ್ನು ಮೂರನೆಯವರ ಹತ್ತಿರ ಇಡಲೇಬೇಕು. ಹಾಗಾಗಿ ಕಂಪನಿ ಮುಚ್ಚಿದರೂ ಹೆಸರು ಉಳಿಯುವ ದಾರಿ ಇದೆ.

ಇನ್ನು ಬಿಟ್ಟು ಹೋಗುವ ವಿಷಯ. ಡೊಮೇನ್ ಸಾಗಿಸಲು ಎರಡು ಕೆಲಸ ಆಗಬೇಕು: ಟ್ರಾನ್ಸ್‌ಫರ್ ಲಾಕ್ (ಹೆಸರು ಬೇರೆ ಕಡೆ ಹೋಗದಂತೆ ಹಾಕಿರುವ ತಡೆ) ತೆಗೆಯಬೇಕು, ಆಥ್ ಕೋಡ್ (ಸಾಗಿಸಲು ಬೇಕಾದ ಗುಪ್ತ ಸಂಕೇತ) ಪಡೆಯಬೇಕು. ಒಳ್ಳೆಯ ಕಡೆ ಇವೆರಡೂ ಡೊಮೇನ್ ಸೆಟ್ಟಿಂಗ್ಸ್ ಪುಟದಲ್ಲೇ ಇರುತ್ತವೆ. ಬಟನ್ ಒತ್ತಿದರೆ ಕೋಡ್ ಬರುತ್ತದೆ, ಮುಗೀತು. ಕೆಟ್ಟ ಕಡೆ "ಸಪೋರ್ಟ್‌ಗೆ ಟಿಕೆಟ್ ಹಾಕಿ" ಅನ್ನುತ್ತಾರೆ. ಟಿಕೆಟ್ ಹಾಕಿದರೆ ಯಾಕೆ ಹೋಗುತ್ತೀರಿ, ಡಿಸ್ಕೌಂಟ್ ಕೊಡುತ್ತೇವೆ ಅಂತ ಶುರು ಮಾಡುತ್ತಾರೆ. ಡಾಟ್ ಕಾಮ್‌ನಂಥ ಹೆಸರುಗಳಿಗೆ ಐಕ್ಯಾನ್ ನಿಯಮದ ಪ್ರಕಾರ ಕೋಡ್ ಕೇಳಿದ 5 ದಿನದೊಳಗೆ ಕೊಡಬೇಕು. ಹೆಸರು ಕೊಂಡ ಮೊದಲ 60 ದಿನ ಸಾಮಾನ್ಯವಾಗಿ ಸಾಗಿಸಲು ಆಗುವುದಿಲ್ಲ, ಅದನ್ನು ಕಂಪನಿಯ ಕಿತಾಪತಿ ಅಂದುಕೊಳ್ಳಬೇಡಿ. ಕೊಳ್ಳುವ ಮುಂಚೆ ಅವರ ಹೆಲ್ಪ್ ಪುಟದಲ್ಲಿ 'ಬೇರೆ ಕಡೆಗೆ ಟ್ರಾನ್ಸ್‌ಫರ್' ಅಂತ ಹುಡುಕಿ ನೋಡಿ. ಒಳಗೆ ಬರಲು ಹತ್ತು ಲೇಖನ, ಹೊರಗೆ ಹೋಗಲು ಒಂದೂ ಇಲ್ಲ ಅಂದರೆ ಅವರ ಬುದ್ಧಿ ತಿಳಿಯಿತು.

ಅವಧಿ ಮುಗಿದಾಗ ಏನು ಮಾಡುತ್ತಾರೆ ಅನ್ನುವುದನ್ನೂ ಓದಿಕೊಳ್ಳಿ, ತುಂಬಾ ಜನ ಸಿಕ್ಕಿಬೀಳುವುದು ಅಲ್ಲೇ. ಮುಗಿಯುವ ಸುಮಾರು ಒಂದು ತಿಂಗಳು ಮುಂಚೆ, ಒಂದು ವಾರ ಮುಂಚೆ, ಮುಗಿದ ಮೇಲೆ 5 ದಿನದೊಳಗೆ ನೆನಪೋಲೆ ಕಳಿಸಲೇಬೇಕು ಅಂತ ನಿಯಮ ಇದೆ. ಮುಗಿದ ಮೇಲೂ ಸಾಮಾನ್ಯವಾಗಿ ಕೆಲವು ದಿನ ಮಾಮೂಲಿ ದರದಲ್ಲೇ ರಿನೀವ್ ಮಾಡಬಹುದು. ಎಷ್ಟು ದಿನ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಹೆಸರು ಡಿಲೀಟ್ ಆದ ಮೇಲೆ 30 ದಿನದ ರಿಡೆಂಪ್ಷನ್. ಆಗ ವಾಪಸ್ ಪಡೆಯಲು ಕೇಳುವ ಫೀ ಜಾಸ್ತಿ, ಕೆಲವು ಕಡೆ ಎದೆ ಧಸಕ್ಕೆನ್ನುವಷ್ಟು. ಆ ಫೀ ಎಷ್ಟು ಅಂತ ಮೊದಲೇ ಪ್ರಕಟಿಸಿರಬೇಕು. ಕೆಲವರು ಅವಧಿ ಮುಗಿದ ಹೆಸರನ್ನು ಅಲ್ಲಿಯವರೆಗೂ ಬಿಡದೆ ಹರಾಜಿಗೆ ಹಾಕಿಬಿಡುತ್ತಾರೆ. ಆಟೋ ರಿನೀವಲ್ ಹಾಕಿಡಿ, ಆದರೆ ಕಾರ್ಡ್ ಹಳೆಯದಾದರೆ ಅದೂ ಕೈಕೊಡುತ್ತದೆ.

ಭದ್ರತೆಗೆ ಎರಡು ಹಂತದ ಲಾಗಿನ್ ಇರಲೇಬೇಕು, ಎಸ್‌ಎಂಎಸ್‌ಗಿಂತ ಆಥೆಂಟಿಕೇಟರ್ ಆಪ್ ಇದ್ದರೆ ವಾಸಿ. 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಸೈಟ್ ಬಿದ್ದಾಗ ಕಳ್ಳರು ಪತ್ರಿಕೆಯ ಸರ್ವರ್ ಮುಟ್ಟಿರಲೇ ಇಲ್ಲ. ಅದರ ರಿಜಿಸ್ಟ್ರಾರ್ ಆಗಿದ್ದ ಮೆಲ್ಬರ್ನ್ ಐಟಿಯ ಒಬ್ಬ ರೀಸೆಲ್ಲರ್‌ನ ಪಾಸ್‌ವರ್ಡ್ ಕದ್ದು ಡಿಎನ್‌ಎಸ್ (ಹೆಸರು ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ವ್ಯವಸ್ಥೆ) ತಿರುಗಿಸಿದ್ದರು. ಇನ್ನೊಂದು ಸಣ್ಣ ಮಾತು: ರಿಜಿಸ್ಟ್ರಾರ್ ಅಕೌಂಟ್‌ಗೆ ಅದೇ ಡೊಮೇನ್‌ನ ಇಮೇಲ್ ಕೊಡಬೇಡಿ. ಡೊಮೇನ್ ನಿಂತ ದಿನ ಆ ಇಮೇಲೂ ನಿಲ್ಲುತ್ತದೆ, ಪಾಸ್‌ವರ್ಡ್ ರಿಸೆಟ್ ಮಾಡಲು ದಾರಿಯೇ ಇರುವುದಿಲ್ಲ.

ರಿಜಿಸ್ಟ್ರಾರ್ ಎಷ್ಟೇ ಒಳ್ಳೆಯವರಾದರೂ ಹೆಸರು ನಿಮ್ಮದಾಗಿರಬೇಕು. ಪರಿಚಯದವರೊಬ್ಬರು ಸೈಟ್ ಬದಲಾಯಿಸಲು ನನ್ನ ಹತ್ತಿರ ಬಂದಿದ್ದರು. ವರ್ಷಾವರ್ಷ ದುಡ್ಡು ಕೊಟ್ಟಿದ್ದು ಇವರೇ. ಕಾಂಟ್ಯಾಕ್ಟ್ ಪುಟ ತೆರೆದರೆ ರಿಜಿಸ್ಟ್ರೆಂಟ್ ಅನ್ನುವ ಜಾಗದಲ್ಲಿ ಹಿಂದೆ ಸೈಟ್ ಮಾಡಿಕೊಟ್ಟವನ ಹೆಸರು, ಅವನದೇ ಇಮೇಲ್. ಅವನನ್ನು ಹುಡುಕಿ, ಒಪ್ಪಿಸಿ, ಹೆಸರು ಬದಲಾಯಿಸಿಕೊಳ್ಳುವಷ್ಟರಲ್ಲಿ ಸಾಕುಬೇಕಾಯಿತು. ನಿಯಮದ ಕಣ್ಣಿಗೆ ಆ ಜಾಗದಲ್ಲಿ ಹೆಸರು ಇದ್ದವರೇ ಯಜಮಾನರು, ಬಿಲ್ ಕಟ್ಟಿದವರಲ್ಲ.

ಹೋಸ್ಟಿಂಗ್ ಜೊತೆ ಬರುವ ಫ್ರೀ ಡೊಮೇನ್ ನಾನಾದರೆ ತಗೊಳ್ಳುವುದಿಲ್ಲ. ಹೋಸ್ಟಿಂಗ್ ಸರಿ ಇಲ್ಲ ಅಂತ ಬಿಡಲು ಹೊರಟಾಗ ಡೊಮೇನ್ ಕೂಡ ಅವರ ಕೈಯಲ್ಲೇ ಇರುತ್ತದೆ, ಸುಮ್ನೆ ತಲೆನೋವು. ಎರಡನ್ನೂ ಬೇರೆ ಬೇರೆ ಕಡೆ ಇಡಿ. ಹೆಸರು ಹೇಳಿ ಅಂದರೆ, ಹೊಸದಾಗಿ ಶುರು ಮಾಡುವವರಿಗೆ ನಾನು ಪೋರ್ಕ್‌ಬನ್ ಹೇಳುತ್ತೇನೆ, ಪ್ರೈವಸಿಗೆ ಬೇರೆ ದುಡ್ಡು ಕೇಳುವುದಿಲ್ಲ. ಕ್ಲೌಡ್‌ಫ್ಲೇರ್ ಲಾಭ ಇಟ್ಟುಕೊಳ್ಳದೆ ಅಸಲಿಗೇ ಕೊಡುತ್ತದೆ, ಆದರೆ ಅವರದೇ ನೇಮ್‌ಸರ್ವರ್ (ಡಿಎನ್‌ಎಸ್ ಮಾಹಿತಿ ಇಡುವ ಸರ್ವರ್) ಬಳಸಬೇಕು, ಅದು ನಿಮಗೆ ಒಗ್ಗುತ್ತದಾ ನೋಡಿ. ಯಾರ ಹತ್ತಿರ ಕೊಂಡರೂ ಕಂಪನಿಯೇ ಕೈ ಬದಲಾಗಬಹುದು. 2023ರಲ್ಲಿ ಗೂಗಲ್ ತನ್ನ ಡೊಮೇನ್ ವ್ಯವಹಾರವನ್ನು ಸ್ಕ್ವೇರ್‌ಸ್ಪೇಸ್‌ಗೆ ಮಾರಿತು, ಗ್ರಾಹಕರ ಡೊಮೇನ್‌ಗಳೂ ಅಲ್ಲಿಗೇ ಹೋದವು. ಬೇಡ ಅಂದವರು ಲಾಕ್ ತೆಗೆದು, ಕೋಡ್ ತಗೊಂಡು ತಮಗೆ ಬೇಕಾದ ಕಡೆ ಹೋದರು.