ಎಲ್ಲ ಕೆಲಸವನ್ನೂ ತಾವೇ ಮಾಡುತ್ತಿದ್ದ ಹೆಡ್‌ಮಿಸ್

(ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನನ್ನ ಬಳಿ ಸಮಾಲೋಚನೆಗೆ ಬಂದವರು ನಲವತ್ತು ದಾಟಿದ ಮಹಿಳೆ. ತಾಲ್ಲೂಕು ಊರೊಂದರಲ್ಲಿ ಬೌದ್ಧಿಕ ವಿಕಲಚೇತನ ಮಕ್ಕಳ ವಸತಿ ಶಾಲೆಯ ಮುಖ್ಯ ಶಿಕ್ಷಕಿ. ನಿದ್ದೆ ಇಲ್ಲ, ಸೊಂಟ ನೋವು, ಮನೆಯಲ್ಲಿ ಮಗಳ ಮೇಲೆ ಸುಮ್ನೆ ರೇಗಾಟ. ಬದುಕೇ ಬೇಡ ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. "ಹಂಗೇನಿಲ್ಲ ಸರ್, ಆದ್ರೆ ಶಾಲೆ ಗೇಟು ಕಂಡ್ರೆ ಎದೆ ಹೊಡ್ಕೋತದೆ" ಎಂದರು.

ಅವರು ಒಳ್ಳೆಯ ವಿಶೇಷ ಶಿಕ್ಷಕಿ. ಡಿಪ್ಲೊಮಾ ಮುಗಿಸಿ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಪಡೆದು, ವರ್ಷಗಟ್ಟಲೆ ತರಗತಿಯಲ್ಲಿ ದುಡಿದವರು. ಹಿಂದಿನ ಮುಖ್ಯಸ್ಥರು ಬಿಟ್ಟುಹೋದಾಗ ಶಾಲೆ ನಡೆಸುವ ಕಮಿಟಿಯವರು ಇವರನ್ನೇ ಆ ಕುರ್ಚಿಯಲ್ಲಿ ಕೂರಿಸಿದರು. ಬಿಲ್ ಮಾಡುವುದು, ಸಿಬ್ಬಂದಿಯನ್ನು ನಡೆಸುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ. ನಮ್ಮ ಈ ಕ್ಷೇತ್ರದಲ್ಲಿ ಇದು ಜಾಸ್ತಿ. ಚೆನ್ನಾಗಿ ಪಾಠ ಮಾಡುವವರಿಗೆ ಬಡ್ತಿ ಕೊಡುತ್ತೇವೆ, ಆಮೇಲೆ ಅವರನ್ನು ಒಂಟಿಯಾಗಿ ಬಿಟ್ಟುಬಿಡುತ್ತೇವೆ.

ಇಂಥ ವಿಶೇಷ ಶಾಲೆಗಳಿಗೆ ಸರ್ಕಾರ ಹಣ ಕೊಡುವ ಶಿಶುಕೇಂದ್ರಿತ ಯೋಜನೆಯಲ್ಲಿ ಅನುದಾನ ಬರುವುದು ಮಕ್ಕಳ ತಲೆ ಲೆಕ್ಕದಲ್ಲಿ. ಆ ಸಲ ಕಂತು ತಡವಾಗಿತ್ತು. ಟೀಚರ್‌ಗಳಿಗೆ "ಮುಂದಿನ ವಾರ ಬರುತ್ತೆ" ಎಂದು ಹೇಳುತ್ತಾ ಬಂದಿದ್ದರು. ಆಯಾಗಳ ಸಂಬಳಕ್ಕೆ ತಮ್ಮ ಬಳೆ ಅಡ ಇಟ್ಟಿದ್ದರು. ಇದು ಗಂಡನಿಗೂ ಗೊತ್ತಿಲ್ಲ, ಕಮಿಟಿಗೂ ಗೊತ್ತಿಲ್ಲ. ಆಯಾ ಒಬ್ಬರು ರಜೆ ಹಾಕಿದರೆ ಮಕ್ಕಳನ್ನು ಎತ್ತಿ ಸ್ನಾನ ಮಾಡಿಸುವುದೂ ಇವರೇ. ಸೊಂಟ ಹೋಗಿದ್ದು ಅಲ್ಲಿ.

ಎರಡನೇ ಭೇಟಿಗೆ ಒಂದು ಫೈಲ್ ತಂದಿದ್ದರು. ಒಂಬತ್ತು ವರ್ಷದ ಹುಡುಗನ ವೈಯಕ್ತಿಕ ಶಿಕ್ಷಣ ಯೋಜನೆ, ಅಂದರೆ ಐಇಪಿ. ಹೊಸ ಟೀಚರ್ ಅದರಲ್ಲಿ ಗುರಿ ಎಂದು ಬರೆದಿದ್ದದ್ದು: "ಊಟಕ್ಕೆ ಕೂತವರನ್ನು ನೋಡಿ ಐದು ತಟ್ಟೆ ಹಾಕುವುದು." ಮೇಡಂ ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ "1ರಿಂದ 5ರವರೆಗೆ ಎಣಿಸುವುದು" ಎಂದು ತಿದ್ದಿದ್ದರು, ರಾತ್ರಿ ಹನ್ನೊಂದಕ್ಕೆ, ಹಾಸ್ಟೆಲ್‌ನಲ್ಲಿ ಕೂತು. ಆ ಟೀಚರ್ ಈಗ ಬೇರೆ ಕೆಲಸ ಹುಡುಕುತ್ತಿದ್ದಾರಂತೆ.

"ಇವೆರಡರಲ್ಲಿ ಆ ಹುಡುಗನಿಗೆ ಯಾವುದು ಉಪಯೋಗ?" ಎಂದೆ. ಸ್ವಲ್ಪ ಹೊತ್ತು ನೋಡಿದರು. "ತಟ್ಟೆದೇ ಸರ್" ಎಂದರು.

ಅವರದೇ ವಿದ್ಯೆಯಿಂದ ಮಾತು ಮುಂದುವರಿಸಿದೆ. ಮಗುವಿಗೆ ಅಂಗಿ ಗುಂಡಿ ಹಾಕಲು ಹೇಗೆ ಕಲಿಸುತ್ತೀರಿ? ಮೊದಲು ಕೈ ಹಿಡಿದು, ಆಮೇಲೆ ಬಾಯಲ್ಲಿ ಹೇಳಿ, ಆಮೇಲೆ ಸನ್ನೆ, ಕೊನೆಗೆ ಪಕ್ಕದಲ್ಲಿ ಸುಮ್ಮನೆ ನಿಂತು. ಸಹಾಯ ಕಡಿಮೆ ಮಾಡುತ್ತಾ ಹೋಗದಿದ್ದರೆ ಮಗು ನಿಮ್ಮ ಕೈಗಾಗಿಯೇ ಕಾಯುತ್ತದೆ, ಅಲ್ವಾ? ಸಿಬ್ಬಂದಿಯ ವಿಷಯದಲ್ಲಿ ನೀವು ಮೊದಲ ಮೆಟ್ಟಿಲಲ್ಲೇ ನಿಂತಿದ್ದೀರಿ. "ಅವರೇನು ಮಕ್ಕಳಾ ಸರ್?" ಎಂದು ಚುರುಕಾಗಿ ಕೇಳಿದರು. ಅಲ್ಲ. ಅದಕ್ಕೇ ಇನ್ನೂ ಬೇಗ ಕೈ ಬಿಡಬೇಕು ಎಂದೆ.

ನನಗೆ ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. ಪೇಪರ್ ಕವರ್, ಫೈಲ್ ಮಾಡಿಸುವ ವೃತ್ತಿ ತರಬೇತಿ ವಿಭಾಗ ನೋಡಿಕೊಳ್ಳುವವರು ಪೋಲಿಯೊ ಆದ ಒಬ್ಬ ಮೇಷ್ಟ್ರು. ಲೆಕ್ಕದಲ್ಲಿ ಗಟ್ಟಿಗರು. ಅವರನ್ನು ಜಿಲ್ಲಾ ಕಚೇರಿಗಾಗಲಿ ಕಮಿಟಿ ಸಭೆಗಾಗಲಿ ಒಮ್ಮೆಯೂ ಕರೆದಿಲ್ಲ. ಯಾಕೆ ಎಂದರೆ "ಪಾಪ, ಓಡಾಟ ಕಷ್ಟ." ಅವರನ್ನು ಕೇಳಿದ್ದೀರಾ? ಕೇಳಿಲ್ಲ. ಇಲ್ಲಿ ನಾನು ಮೆತ್ತಗೆ ಮಾತಾಡಲಿಲ್ಲ. "ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನೂ ಬೇಡ" ಎಂದು ವಿಕಲಚೇತನರು ಲೋಕದ ತುಂಬ ಕೂಗಿ ಹೇಳಿದ ಮಾತು ನಿಮ್ಮ ಶಾಲೆಯೊಳಗೇ ಬಂದಿಲ್ಲ ಎಂದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಇಟ್ಟುಕೊಳ್ಳಬೇಕು ಎನ್ನುತ್ತದೆ. ಪೋಷಕರಿಗೆ ಆ ಕಾಯ್ದೆ ವಿವರಿಸುವವರು ಅದನ್ನು ತಮ್ಮ ಸ್ಟಾಫ್ ರೂಮಿನಲ್ಲೇ ಮರೆಯಬಾರದು.

ನಾನು ಕೊಟ್ಟ ಸಲಹೆ ಇಷ್ಟು. ಮೊದಲು ಗಂಡನಿಗೆ ಬಳೆಯ ವಿಷಯ ಹೇಳಿ. ಆ ವಾರವೇ ಸಿಬ್ಬಂದಿಯನ್ನು ಕೂರಿಸಿ ಹಣದ ನಿಜಸ್ಥಿತಿ ತಿಳಿಸಿ: ಬಿಲ್ ಯಾವತ್ತು ಹೋಗಿದೆ, ಈಗ ಯಾವ ಟೇಬಲ್ ಮೇಲಿದೆ, ಖಾತೆಯಲ್ಲಿ ಎಷ್ಟಿದೆ. ಯಾವತ್ತು ಬರುತ್ತದೆ ಎಂಬ ಮಾತು ಕೊಡಬೇಡಿ. ಇನ್ನು ಮುಂದೆ ಸ್ವಂತ ಒಡವೆಯನ್ನು ಶಾಲೆಗಾಗಿ ಅಡ ಇಡುವಂತಿಲ್ಲ, ಹಣ ಸಾಲದಿದ್ದರೆ ಕಮಿಟಿಗೆ ಲಿಖಿತವಾಗಿ ಬರೆಯಿರಿ. ಐಇಪಿಯನ್ನು ತಿದ್ದುವುದು ನಿಲ್ಲಿಸಿ. ಪ್ರಶ್ನೆ ಇದ್ದರೆ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದು, ಟೀಚರ್ ಮತ್ತು ತಾಯಿ ಇಬ್ಬರನ್ನೂ ಕೂರಿಸಿ ಮಾತಾಡಿ. ಮಕ್ಕಳನ್ನು ಎತ್ತುವುದು ಬೇಡ. ಆದರೆ ದಿನಕ್ಕೊಂದು ಪಾಠ ಇಟ್ಟುಕೊಳ್ಳಿ, ಅದನ್ನು ಬಿಟ್ಟರೆ ನಿಮಗೆ ಉಸಿರೇ ಇಲ್ಲ.

ಸಿಬ್ಬಂದಿ ಸಭೆ ಕಷ್ಟವಾಯಿತಂತೆ. ಒಬ್ಬ ಟೀಚರ್ "ಇಷ್ಟು ದಿನ ಸುಳ್ಳು ಹೇಳಿದ್ರಿ" ಎಂದು ಎದ್ದುಹೋದರು. ಆದರೆ ಹಿರಿಯ ಆಯಾ ರಜೆ ಪಟ್ಟಿ ಬರೆಯುವ ಕೆಲಸ ತಾವೇ ಕೇಳಿ ತೆಗೆದುಕೊಂಡರು. ಮೇಷ್ಟ್ರು ತಮ್ಮ ಮೂರು ಚಕ್ರದ ಸ್ಕೂಟರ್‌ನಲ್ಲಿ ಜಿಲ್ಲಾ ಕಚೇರಿಗೆ ಹೋಗಿ, ಎರಡು ತಿಂಗಳ ಹಾಜರಾತಿಯಲ್ಲಿ ಲೆಕ್ಕ ತಾಳೆಯಾಗದೆ ಬಿಲ್ ನಿಂತಿದೆ ಎಂದು ಪತ್ತೆ ಮಾಡಿಕೊಂಡು ಬಂದರು. ತಟ್ಟೆ ಹಾಕುವ ಗುರಿ ಫೈಲಿಗೆ ಮರಳಿದೆ. ಬರೆದ ಟೀಚರ್ ಉಳಿಯುತ್ತಾರೋ ಇಲ್ಲವೋ, ಇನ್ನೂ ಹೇಳಿಲ್ಲ.

ಬಳೆ ಇನ್ನೂ ಬಿಡಿಸಿಲ್ಲ. ನಿದ್ದೆ ಸ್ವಲ್ಪ ಸುಧಾರಿಸಿದೆ, ಸೊಂಟಕ್ಕೆ ಫಿಸಿಯೊಥೆರಪಿ ನಡೆದಿದೆ. ಒಂದಷ್ಟು ತಿಂಗಳ ಸಂಬಳವನ್ನು ದಾನಿಗಳಿಂದ ಎತ್ತಿ ಮೀಸಲಿಡಿ ಎಂದು ಕಮಿಟಿಯನ್ನು ಕೇಳುವುದು ಹೇಗೆ, ಆ ಮಾತನ್ನು ಮುಂದಿನ ಭೇಟಿಯಲ್ಲಿ ಅಭ್ಯಾಸ ಮಾಡುತ್ತೇವೆ. ಮೇಷ್ಟ್ರೂ ಜೊತೆಗೆ ಬರುತ್ತಾರೆ.