ಕಬಿನಿಯಲ್ಲಿ ನೀರು ಏರಿದಾಗ ನಾಗರಹೊಳೆಗೆ ಹೋಗಬಹುದೇ?

ಮೇ ಕೊನೆಯ ವಾರ ಮಕ್ಕಳೊಂದಿಗೆ ಎರಡು ದಿನ ನಾಗರಹೊಳೆಗೆ ಹೋಗಬೇಕೆಂದಿದ್ದೇವೆ, ಕಬಿನಿಗೆ ಪ್ರವಾಹ ಬಂದರೆ ಕೈಬಿಡಬೇಕೇ ಎಂದು ಕೇಳಿದ್ದೀರಿ. ನಾನು ಮೈಸೂರಿನವಳು. ಸಾಧ್ಯವಿದ್ದರೆ ಒಂದು ತಿಂಗಳು ಮೊದಲೇ ಹೋಗಿಬನ್ನಿ ಎನ್ನುತ್ತೇನೆ.

2025ರಲ್ಲಿ ನಾವೂ ಅದೇ ವಾರ ಹೋಗಿದ್ದೆವು. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಕಾಲಿಟ್ಟಿತ್ತು. ಮೈಸೂರಿನಲ್ಲಿ ತುಂತುರು, ಎಚ್.ಡಿ. ಕೋಟೆ ದಾಟುವಾಗಲೂ ಅಷ್ಟೇ. ನಾಗರಹೊಳೆ ಕಾಡಿನ ಕಾಕನಕೋಟೆಯಲ್ಲಿ ಸಫಾರಿ ಚಾಲಕರು ಕಬಿನಿ ಜಲಾಶಯದ ಹಿನ್ನೀರಿನ ಅಂಚಿಗೆ ಜೀಪು ತಂದು ನಿಲ್ಲಿಸಿ, "ಇಲ್ಲಿಯ ಮೋಡ ನೋಡಿ ಲೆಕ್ಕ ಹಾಕಬೇಡಿ ಮೇಡಂ, ಇದು ವಯನಾಡಿನ ನೀರು" ಎಂದರು. ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ; ಅಲ್ಲಿ ಮಳೆಯಾದರೆ ಇಲ್ಲಿ ನೀರು ಏರುತ್ತದೆ.

ಬೇಸಿಗೆಯಲ್ಲಿ ಜಲಾಶಯ ತಗ್ಗಿ, ಬಯಲಾದ ನೆಲದಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಆನೆಗಳು ಹಿಂಡು ಹಿಂಡಾಗಿ ಬರುವುದು ಆ ಹುಲ್ಲಿಗೆ. ಏರುವ ನೀರು ಮೊದಲು ನುಂಗುವುದೂ ಅದನ್ನೇ. ನಾವು ನೋಡಿದಾಗ ಹುಲ್ಲಿನ ತುದಿಗಳಷ್ಟೇ ಮೇಲೆ ನಡುಗುತ್ತಿದ್ದವು. ಒಂದು ಹೆಣ್ಣಾನೆ ಕೆನ್ನೀರಿನಲ್ಲಿ ನಿಂತು, ಹುಲ್ಲಿನ ಕಂತೆಯನ್ನು ಬೇರುಸಹಿತ ಕಿತ್ತು, ಕೆಸರು ಹೋಗುವ ತನಕ ಮುಂಗಾಲಿಗೆ ಬಡಿದು ಬಡಿದು ಬಾಯಿಗಿಡುತ್ತಿತ್ತು. ಮರಿ ಅದರ ಹೊಟ್ಟೆಯ ಕೆಳಗೆ ನಿಂತು ಸೊಂಡಿಲನ್ನು ಮೇಲೆತ್ತಿಕೊಂಡಿತ್ತು. ಇಪ್ಪತ್ತು ನಿಮಿಷ ಜೀಪಿನಲ್ಲಿ ಯಾರೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಅದೇ ಜಾಗಕ್ಕೆ ಹೋದರೆ ಬರೀ ನೀರು. ಆನೆಗಳು ಕಾಡಿನೊಳಗೆ ಸರಿದಿದ್ದವು. ನನ್ನ ಮಗಳು ಆ ಮರಿ ಎಲ್ಲಿ ಹೋಯಿತೆಂದು ಇಂದಿಗೂ ಕೇಳುತ್ತಾಳೆ.

ಮೇ ತಿಂಗಳಲ್ಲೇ ಹೋಗುವುದಾದರೆ ವಯನಾಡಿನ ಮಳೆಯ ಸುದ್ದಿಯನ್ನೂ ಕಬಿನಿಯ ಒಳಹರಿವನ್ನೂ ದಿನಾ ಗಮನಿಸಿ. ಜಲಾಶಯದ ಗರಿಷ್ಠ ಮಟ್ಟ 2284 ಅಡಿ; ನೀರು ಅದರ ಹತ್ತಿರ ಬಂದು ಹೊರಹರಿವು ಹೆಚ್ಚಿದರೆ ಅಣೆಕಟ್ಟೆಯ ಕೆಳಗಿನ ಊರುಗಳಿಗೆ ಕಷ್ಟ. ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ದಯವಿಟ್ಟು ಹೊರಡಬೇಡಿ, ಮುಂಗಡ ಹಣ ಹೋದರೂ ಚಿಂತೆಯಿಲ್ಲ. ಮಳೆಯಲ್ಲಿ ಕಾಡಿನ ದಾರಿ ಕೆಸರಾಗಿ ಸಫಾರಿ ನಿಲ್ಲುವುದೂ ಉಂಟು. ನಡೆಯುತ್ತಿದೆಯೇ ಎಂದು ಹಿಂದಿನ ದಿನವೇ ಅರಣ್ಯ ಇಲಾಖೆಯನ್ನು ಕೇಳಿ. ಕಾಡಿನೊಳಗಿನ ಮಾನಂದವಾಡಿ ರಸ್ತೆ ರಾತ್ರಿ ಮುಚ್ಚಿರುತ್ತದೆ, ಹಗಲಿನಲ್ಲೇ ತಲುಪಿಕೊಳ್ಳಿ.

ಏಪ್ರಿಲ್‌ನಲ್ಲಿ ಹೋಗುವಿರಾದರೆ ಸಂಜೆಯ ಸಫಾರಿಯನ್ನೇ ಕಾಯ್ದಿರಿಸಿ. ಬಿಸಿಲು ಇಳಿದ ಮೇಲೆಯೇ ಹಿಂಡುಗಳು ಹುಲ್ಲಿಗೆ ಇಳಿಯುವುದು.